ಅಂಕಲಿಯ ಅಶ್ವ, ಡ್ರೈವಿನ ಕೀಲಿ

ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರಕ್ಕೆ ಒಂದು ವಿಚಿತ್ರ ರೋಗ ಬರುತ್ತದೆ. ಡಿಸ್ಕ್ ಒಳಗೆ ಹೋಗುತ್ತದೆ, ಗರಗರ ತಿರುಗುತ್ತದೆ, ಆಮೇಲೆ ಟೀವಿಯ ಮೇಲೆ ಒಂದು ಸಾಲು ಮೂಡುತ್ತದೆ: ಈ ಡಿಸ್ಕ್ ಆಡಬೇಕಾದರೆ ಇದನ್ನು ಎಕ್ಸ್‌ಬಾಕ್ಸ್ 360ಕ್ಕೆ ಹಾಕಿ. ಡಿಸ್ಕ್ ಇರುವುದೇ ಎಕ್ಸ್‌ಬಾಕ್ಸ್ 360ರ ಹೊಟ್ಟೆಯಲ್ಲಿ. ಹೊರಗೆ ತೆಗೆದು ಬಟ್ಟೆಯಿಂದ ಒರೆಸಿ ಮತ್ತೆ ಹಾಕಿದರೂ ಅದೇ ಸಾಲು. ಮನೆಯವರೆಲ್ಲ ಸೇರಿ ಡಿಸ್ಕಿನ ಮೇಲೆ ಗೀರು ಹುಡುಕುತ್ತಾರೆ, ಸಿಗುವುದಿಲ್ಲ.

ಕಾರಣ ಹೀಗಿದೆ. ಆ ಡಿಸ್ಕಿನಲ್ಲಿ ಎರಡು ಪಾಲು. ಒಂದು, ಯಾವ ಡೀವೀಡಿ ಪ್ಲೇಯರಿಗೆ ಹಾಕಿದರೂ ಕಾಣುವ ಪುಟ್ಟ ವಿಡಿಯೊ. ಮೇಲಿನ ಎಚ್ಚರಿಕೆಯ ಸಾಲು ಇರುವುದು ಅದರಲ್ಲಿ. ಇನ್ನೊಂದು, ನಿಜವಾದ ಆಟ. ಆಟದ ಪಾಲು ಕಣ್ಣಿಗೆ ಬೀಳಬೇಕಾದರೆ ಡಿಸ್ಕ್ ಓದುವ ಡ್ರೈವೂ ಯಂತ್ರದ ಮದರ್‌ಬೋರ್ಡೂ ಒಂದನ್ನೊಂದು ಗುರುತು ಹಿಡಿಯಬೇಕು. ಬೋರ್ಡು ಪ್ರಶ್ನೆ ಕೇಳುತ್ತದೆ, ಡ್ರೈವು ಉತ್ತರ ಕೊಡುತ್ತದೆ. ಇಬ್ಬರ ಬಳಿಯೂ ಒಂದೇ ಗುಪ್ತ ಕೀಲಿ ಇದ್ದರೆ ಮಾತ್ರ ಆ ಉತ್ತರ ಸರಿಬರುತ್ತದೆ. ಸರಿಬರದಿದ್ದರೆ ಯಂತ್ರಕ್ಕೆ ಡಿಸ್ಕಿನಲ್ಲಿ ಕಾಣುವುದು ಆ ಪುಟ್ಟ ವಿಡಿಯೊ ಮಾತ್ರ. ಅದು ಬೇರೆ ಡೀವೀಡಿ ಪ್ಲೇಯರುಗಳಿಗಾಗಿ ಬರೆದಿಟ್ಟ ಮಾತನ್ನು ತನ್ನ ಒಡೆಯನಿಗೇ ಹೇಳುತ್ತದೆ.

ಆ ಕೀಲಿ ಬಹಳ ಸಣ್ಣದು. 16 ಬೈಟ್, ಎಂದರೆ 128 ಬಿಟ್. ಬರೆದರೆ ನೋಟುಬುಕ್ಕಿನ ಒಂದು ಸಾಲು, 32 ಅಕ್ಷರ. ಆದರೆ ಪ್ರತಿ ಯಂತ್ರಕ್ಕೂ ಬೇರೆ ಬೇರೆ. ಕಾರ್ಖಾನೆಯಲ್ಲಿ ಯಂತ್ರ ಜೋಡಿಸುವಾಗಲೇ ಅದನ್ನು ಡ್ರೈವಿನ ಫರ್ಮ್‌ವೇರಿನಲ್ಲಿ ಒಂದು ಕಡೆ, ಮದರ್‌ಬೋರ್ಡಿನ ಮೆಮರಿಯಲ್ಲಿ ಇನ್ನೊಂದು ಕಡೆ ಇಟ್ಟುಬಿಡುತ್ತಾರೆ. ಅಲ್ಲಿಂದ ಮುಂದೆ ಆ ಡ್ರೈವಿಗೆ ಆ ಬೋರ್ಡೇ, ಆ ಬೋರ್ಡಿಗೆ ಆ ಡ್ರೈವೇ.

ನಮ್ಮ ಊರಿನವರಿಗೆ ಇದು ಬೇಗ ತಿಳಿಯುತ್ತದೆ. ಆಳಂದಿಯಿಂದ ಪಂಢರಪುರಕ್ಕೆ ಹೊರಡುವ ಜ್ಞಾನೇಶ್ವರ ಮಾವುಲಿಯ ಪಾಲಖಿಗೆ ಕುದುರೆ ಹೋಗುವುದು ಬೆಳಗಾವಿ ಜಿಲ್ಲೆಯ ನಮ್ಮ ಅಂಕಲಿಯಿಂದ. ಹೈಬತರಾವ್ ಬಾಬಾ ಆರಫಳಕರ ಅವರು 1832ರಲ್ಲಿ ಪಾಲಖಿಯನ್ನು ಈಗಿನ ರೂಪಕ್ಕೆ ತಂದಾಗ ಅಂಕಲಿಯ ಶಿತೋಳೆ ಸರದಾರರ ಮನೆತನ ಅಶ್ವದ ಸೇವೆ ಹೊತ್ತುಕೊಂಡಿತು. ಒಂದು ಕುದುರೆಯ ಮೇಲೆ ನಿಶಾನೆ ಹಿಡಿದ ಸವಾರ. ಇನ್ನೊಂದರ ಮೇಲೆ ಯಾರೂ ಕೂಡುವುದಿಲ್ಲ, ಅದು ಮಾವುಲಿಯದು. ಜ್ಯೇಷ್ಠದಲ್ಲಿ ಎರಡೂ ವಾಡೆಯಿಂದ ಹೊರಟು ಕೃಷ್ಣೆ ದಾಟಿ, ಮಿರಜ್ ದಾಟಿ, ನಡೆದೇ ಆಳಂದಿ ಸೇರುತ್ತವೆ. ದಾರಿಯಲ್ಲಿ ಇವಕ್ಕಿಂತ ಚೆಂದದ ಕುದುರೆ ನೂರು ಸಿಕ್ಕಾವು. ಆದರೆ ಪಾಲಖಿಯ ಮುಂದೆ ನಡೆಯುವುದು ಅಂಕಲಿಯ ಅಶ್ವವೇ. ಎಕ್ಸ್‌ಬಾಕ್ಸಿನ ಬೋರ್ಡೂ ಹಾಗೆಯೇ ತನ್ನ ಡ್ರೈವಿಗಾಗಿ ಕಾಯುತ್ತದೆ. ಪೇಟೆಯಲ್ಲಿ ಅದೇ ಕಂಪನಿಯ, ಅದೇ ಮಾದರಿಯ ಹೊಸ ಡ್ರೈವ್ ತಂದು ಜೋಡಿಸಿದರೂ ಒಲ್ಲೆ ಅನ್ನುತ್ತದೆ. ಒಂದೇ ವ್ಯತ್ಯಾಸ: ಅಶ್ವ ಮುಪ್ಪಾದರೆ ವಾಡೆಯವರು ಇನ್ನೊಂದನ್ನು ಸಿದ್ಧ ಮಾಡುತ್ತಾರೆ, ಸೇವೆ ನಿಲ್ಲುವುದಿಲ್ಲ. ಡ್ರೈವು ಸತ್ತರೆ ಮುಂದಿನ ಏರ್ಪಾಡನ್ನು ಕೊಂಡವನ ಕೈಗೆ ಯಾರೂ ಕೊಟ್ಟಿರಲಿಲ್ಲ.

ನನಗೆ ಈ ವಿಷಯದ ಹುಚ್ಚು ಹಿಡಿದದ್ದು 2019ರ ನೆರೆಯ ನಂತರ. ಆ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ ಎರಡೂ ಒಟ್ಟಿಗೆ ಏರಿದವು. ಮಾಂಜರಿ, ಯಡೂರು, ಕಲ್ಲೋಳ, ಇಂಗಳಿ, ಎಲ್ಲ ಕಡೆ ದಂಡೆಯ ಮನೆಗಳಿಗೆ ನೀರು. ನೀರು ಇಳಿದ ಮೇಲೆ ಓಣಿಗಳಲ್ಲಿ ಹಾಸಿಗೆ, ಟ್ರಂಕು, ಮಿಕ್ಸರು, ಟೀವಿಗಳನ್ನೆಲ್ಲ ಬಿಸಿಲಿಗಿಟ್ಟಿದ್ದರು. ತಮ್ಮನ ಮಗನ ಹಳೆಯ ಎಕ್ಸ್‌ಬಾಕ್ಸ್ ಆಗ ದಂಡೆಯ ಬೀಗರ ಮನೆಯಲ್ಲಿತ್ತು. ಅದರ ಸಂದಿಗಳಿಂದಲೂ ಕೆಂಪು ರಾಡಿ ಬಂತು. ಹುಡುಗ ತಾಳ್ಮೆಯವನು. ಬಿಚ್ಚಿ, ತೊಳೆದು, ಒಣಗಿಸಿ, ಯಂತ್ರವನ್ನೇನೋ ಎಬ್ಬಿಸಿದ. ಡ್ರೈವ್ ಮಾತ್ರ ಏಳಲಿಲ್ಲ.

“ಕಾಕಾ, ಮಷೀನ್ ಪಾಡ ಐತಿ. ಡ್ರೈವ್ ಅಷ್ಟ ಸತ್ತೈತಿ. ಬ್ಯಾರೇದ್ದು ಹಾಕಿ ನೋಡಿದೆ, ಗುರ್ತ ಹಿಡೀವಲ್ದು” ಅಂದ.

ಅವನನ್ನು ಕರೆದುಕೊಂಡು ಮಿರಜಕ್ಕೆ ಹೋದೆ. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆಗೂ ಮಿರಜ್, ದೊಡ್ಡ ರಿಪೇರಿಗೂ ಮಿರಜ್. ತಂಬೂರಿ, ಸಿತಾರ್ ಕಟ್ಟುವವರ ಊರು ಅದು. ಅಬ್ದುಲ್ ಕರೀಂ ಖಾನ್ ಸಾಹೇಬರು ನೆಲೆಸಿದ ಊರು. ಒಣಗಿದ ಕುಂಬಳಬುರುಡೆಯನ್ನು ಕೈಯಿಂದ ತಟ್ಟಿ ನೋಡಿ ಇದು ಹಾಡುತ್ತದೆ, ಇದು ಹಾಡುವುದಿಲ್ಲ ಎಂದು ಆರಿಸುವ ಕುಶಲಕರ್ಮಿಗಳು ಅಲ್ಲಿ ಇಂದಿಗೂ ಇದ್ದಾರೆ. ನಾವು ಹೋದ ಅಂಗಡಿಯ ಹುಡುಗನ ಕೈಯಲ್ಲೂ ಅಂಥದೇ ಜಾಣತನ ಇತ್ತು. ಡ್ರೈವ್ ಬಿಚ್ಚಿ, ಜಂಗು ಹಿಡಿದ ಬೋರ್ಡನ್ನು ಬೆಳಕಿಗೆ ಹಿಡಿದು, “ಸರ್, ಡ್ರೈವ್ ಬೇಕಾದಷ್ಟ ಸಿಗ್ತಾವ. ಇದರಾಗಿನ ಕೀಲಿ ಎಲ್ಲಿ ಸಿಗೂದಿಲ್ಲ. ಮದಲ ಅದನ್ನ ಹೊರಗ ತಗೀಬೇಕು” ಅಂದ. ಬೋರ್ಡಿನ ಮೇಲಿದ್ದ ಒಂದು ಪುಟ್ಟ ಮೆಮರಿ ಚಿಪ್ಪನ್ನು ಬಿಸಿಗಾಳಿಯಿಂದ ಬಿಡಿಸಿ, ಓದುವ ಸಾಧನಕ್ಕೆ ಹಾಕಿ, ಕಂಪ್ಯೂಟರಿನಲ್ಲಿ ಅದರ ನಕಲು ತೆಗೆದ. ಕೀಲಿ ಸಿಕ್ಕಿತು. ಹೊಸ ಡ್ರೈವಿಗೆ ಅದನ್ನು ಬರೆದ. ಆಟ ನಡೆಯಿತು. ಹುಡುಗ ಆ 32 ಅಕ್ಷರಗಳನ್ನು ಮನೆಯ ಕಬ್ಬಿನ ಲೆಕ್ಕದ ವಹಿಯ ಹಿಂಬದಿಯಲ್ಲಿ ಬರೆದಿಟ್ಟಿದ್ದಾನೆ.

ಅಂದಿನಿಂದ ಈ ಕೀಲಿ ತೆಗೆಯುವವರ ಕಥೆಯನ್ನು ಸಿಕ್ಕಲ್ಲೆಲ್ಲ ಓದುತ್ತ ಬಂದೆ. ಅದು ನಾನು ಅಂದುಕೊಂಡದ್ದಕ್ಕಿಂತ ದೊಡ್ಡ ಕಥೆ.

ಎಕ್ಸ್‌ಬಾಕ್ಸ್ 360 ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 2005ರ ನವೆಂಬರ್ 22ರಂದು, ಭಾರತಕ್ಕೆ ಮರುವರ್ಷ. ಅದರೊಳಗಿನ ಡ್ರೈವುಗಳನ್ನು ಮೈಕ್ರೋಸಾಫ್ಟ್ ತಾನು ಮಾಡಲಿಲ್ಲ. ಹಿಟಾಚಿ-ಎಲ್‌ಜಿ, ತೋಷಿಬಾ-ಸ್ಯಾಮ್‌ಸಂಗ್, ಬೆನ್‌ಕ್ಯೂ, ಲೈಟ್-ಆನ್ ಹೀಗೆ ಬೇರೆ ಬೇರೆಯವರಿಂದ ಮಾಡಿಸಿತು. ಮುಖ್ಯ ಯಂತ್ರದ ಭದ್ರತೆಯನ್ನು ಬಹಳ ಮನಸ್ಸಿಟ್ಟು ಕಟ್ಟಿದ್ದರು. ಪ್ರೊಸೆಸರಿನ ಒಳಗೇ ಒಮ್ಮೆ ಸುಟ್ಟರೆ ಮತ್ತೆ ಬದಲಾಗದ ಫ್ಯೂಸುಗಳಲ್ಲಿ ಪ್ರತಿ ಯಂತ್ರದ ಮೂಲಕೀಲಿಯನ್ನು ಕೆತ್ತಿದ್ದರು. ಮೆಮರಿಯಲ್ಲಿ ಹರಿದಾಡುವ ಮಾಹಿತಿಯನ್ನು ಕೂಡ ಗೂಢಲಿಪಿಗೆ ತಿರುಗಿಸಿದ್ದರು. ಆದರೆ ಡ್ರೈವ್ ಮಾತ್ರ ಹೆಚ್ಚುಕಡಿಮೆ ಮನೆಯ ಕಂಪ್ಯೂಟರಿನ ಡೀವೀಡಿ ಡ್ರೈವಿನ ತಮ್ಮನೇ. ಅದೇ ಸಾಟಾ ತಂತಿ. ಬಿಚ್ಚಿ ತಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಮಾತಾಡುತ್ತಿತ್ತು. 256 ಕಿಲೋಬೈಟಿನ ಅದರ ಫರ್ಮ್‌ವೇರಿನೊಳಗೆ ಎಲ್ಲೋ ಒಂದು ಕಡೆ ಆ 16 ಬೈಟು.

2006ರಲ್ಲೇ ಹಿಟಾಚಿ, ಸ್ಯಾಮ್‌ಸಂಗ್ ಎರಡೂ ಡ್ರೈವುಗಳ ಫರ್ಮ್‌ವೇರನ್ನು ಹವ್ಯಾಸಿಗಳು ಓದಿ, ಬಿಡಿಸಿ, ಬದಲಿಸಿಬಿಟ್ಟರು. ಅಲ್ಲಿಂದ ಓಟ ಶುರುವಾಯಿತು. ತಯಾರಕರು ಓದುವ ಆಜ್ಞೆಗಳನ್ನು ಒಂದೊಂದಾಗಿ ಮುಚ್ಚಿದರು. ಬಿಡಿಸುವವರು ಬೇರೆ ಕಿಂಡಿ ಹುಡುಕಿದರು. 2008ರ ಹೊತ್ತಿಗೆ ಬಂದ ಲೈಟ್-ಆನ್ ಡ್ರೈವ್ ತನ್ನ ಫರ್ಮ್‌ವೇರನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಆದರೆ ಕಾರ್ಖಾನೆಯವರು ತಮ್ಮ ಪರೀಕ್ಷೆಗೆಂದು ಬಿಟ್ಟಿದ್ದ ಒಂದು ಸೀರಿಯಲ್ ತಂತಿಯ ದಾರಿ ಅದರಲ್ಲಿ ಉಳಿದುಬಿಟ್ಟಿತ್ತು. ಟ್ರೇಯನ್ನು ಅರ್ಧಕ್ಕೆ ತೆರೆದು ನಿಲ್ಲಿಸಿ, ವಿದ್ಯುತ್ ತೆಗೆದು ಮತ್ತೆ ಕೊಟ್ಟಾಗ ಆ ದಾರಿಯಿಂದ ಕೀಲಿಯನ್ನು ಪಡೆಯಬಹುದೆಂದು ಕಂಡುಕೊಂಡರು. ಟ್ರೇ ಪೂರ್ತಿ ತೆರೆದರೂ ಆಗದು, ಮುಚ್ಚಿದರೂ ಆಗದು. ಇದನ್ನು ಯಾರು, ಎಷ್ಟು ರಾತ್ರಿ ಕೂತು ಹುಡುಕಿದರೋ ಎಂದು ಓದುವಾಗ ಮೈ ಜುಮ್ಮೆಂದಿತು. 2010ರಲ್ಲಿ ಬಂದ ತೆಳು ಯಂತ್ರದ ಡ್ರೈವಿನಲ್ಲಿ ಬರೆಯುವ ದಾರಿಯನ್ನೂ ಚಿಪ್ಪಿನ ಒಳಗೇ ಕಟ್ಟಿಹಾಕಿದರು. ಆಗ ಒಬ್ಬರು ಚಿಪ್ಪಿನ ಕರಿ ಕವಚವನ್ನು ಸಣ್ಣ ಡ್ರಿಲ್ಲಿನಿಂದ ಕೊರೆದು, ಒಳಗೆ ಬರವಣಿಗೆಯನ್ನು ತಡೆಯುವ ಆ ಒಂದೇ ತಂತಿಯನ್ನು ಕತ್ತರಿಸುವ ಉಪಾಯ ತೋರಿಸಿಕೊಟ್ಟರು. ಕೂದಲಷ್ಟು ಆಳ ತಪ್ಪಿದರೆ ಡ್ರೈವೂ ಹೋಯಿತು, ಕೀಲಿಯೂ ಹೋಯಿತು.

ಡ್ರೈವ್ ಪೂರ್ತಿ ಸುಟ್ಟುಹೋದವರ ಗತಿ? ಅವರಿಗೂ 2011ರಲ್ಲಿ ದಾರಿ ಸಿಕ್ಕಿತು. ಗ್ಲಿಗ್ಲಿ ಎಂಬ ಅಡ್ಡಹೆಸರಿನ ಫ್ರೆಂಚ್ ಹವ್ಯಾಸಿ ಮತ್ತು ಅವರ ಸಂಗಡಿಗರು, ಯಂತ್ರ ಶುರುವಾಗುವ ಗಳಿಗೆಯಲ್ಲಿ ಪ್ರೊಸೆಸರಿನ ರೀಸೆಟ್ ತಂತಿಗೆ ಅತಿ ಸೂಕ್ಷ್ಮವಾದ ಒಂದು ವಿದ್ಯುತ್ ತಿವಿತ ಕೊಟ್ಟರೆ ಅದು ಪರೀಕ್ಷೆಯ ಫಲವನ್ನು ತಪ್ಪಾಗಿ ಓದಿ ‘ಸರಿ’ ಎಂದುಬಿಡುತ್ತದೆ ಎಂದು ತೋರಿಸಿದರು. ಆ ದಾರಿಯಿಂದ ಫ್ಯೂಸಿನ ಮೂಲಕೀಲಿ ಓದಬಹುದು. ಮೂಲಕೀಲಿಯಿಂದ ಮದರ್‌ಬೋರ್ಡಿನ ಮೆಮರಿಯಲ್ಲಿ ಅಡಗಿದ ಡ್ರೈವಿನ ಕೀಲಿಯ ಪ್ರತಿಯನ್ನು ಬಿಡಿಸಬಹುದು. ಒಂದು ಪ್ರತಿ ನಾಶವಾದರೂ ಇನ್ನೊಂದು ಪ್ರತಿ ಇತ್ತಲ್ಲ, ಅದು ಉಳಿಸಿತು.

ಇದಕ್ಕಿಂತ ಮೊದಲಿನ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. 2001ರ ಮೊದಲ ಎಕ್ಸ್‌ಬಾಕ್ಸಿನ ಗುಪ್ತ ಕೀಲಿಯನ್ನು 2002ರಲ್ಲಿ ಹೊರತೆಗೆದವರು ಆಂಡ್ರ್ಯೂ ಹುವಾಂಗ್. ಬನ್ನಿ ಎಂದೇ ಹೆಸರು. ಆಗ ಎಂಐಟಿಯಲ್ಲಿ ಪಿಎಚ್‌ಡಿ ವಿದ್ಯಾರ್ಥಿ. ಕೀಲಿಯನ್ನು ಒಂದು ಚಿಪ್ಪಿನ ಒಳಗಿನ 512 ಬೈಟಿನ ಪುಟ್ಟ ಮೆಮರಿಯಲ್ಲಿ ಅಡಗಿಸಿದ್ದರು. ಅದನ್ನು ಒಡೆಯುವ ಬದಲು ಬನ್ನಿ ಎರಡು ಚಿಪ್ಪುಗಳ ನಡುವಿನ ಅತಿವೇಗದ ತಂತಿಗಳ ಮೇಲೆ ತಾವೇ ಮಾಡಿದ ಬೋರ್ಡನ್ನು ಬೆಸೆದು, ಹಾದುಹೋಗುವ ಮಾಹಿತಿಗೆ ಕಿವಿಗೊಟ್ಟರು. ಕೀಲಿ ಅಲ್ಲಿಂದ ನಡೆದುಹೋಗುತ್ತಿತ್ತು, ಹಿಡಿದರು. ಆ ಅನುಭವದ ಮೇಲೆ ಬರೆದ ಪುಸ್ತಕವನ್ನು ಮೊದಲು ಒಪ್ಪಿದ್ದ ಪ್ರಕಾಶಕರು ಕಾನೂನಿನ ಭಯದಿಂದ ಕೈಬಿಟ್ಟರು. 2003ರಲ್ಲಿ ಅದು ಬೇರೆ ದಾರಿಯಿಂದ ಹೊರಬಂತು. ಹತ್ತು ವರ್ಷದ ಮೇಲೆ, ಜ್ಞಾನ ಎಲ್ಲರ ಕೈಗೆ ಸಿಗಬೇಕೆಂದು ಹೋರಾಡಿ ತೀರಿಕೊಂಡ ಆರನ್ ಸ್ವಾರ್ಟ್ಸ್ ನೆನಪಿಗೆ ಬನ್ನಿ ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ನನಗೆ ಆ ಮನುಷ್ಯನ ಮೇಲೆ ಬಹಳ ಗೌರವ.

ಹಾಗೆಯೇ ಜೇಮ್ಸ್ ಲೇರ್ಡ್-ವಾ. ಜಪಾನಿನಲ್ಲಿ 1994ರಲ್ಲಿ ಬಂದ ಸೆಗಾ ಸ್ಯಾಟರ್ನ್ ಯಂತ್ರದ ಸೀಡಿ ಡ್ರೈವುಗಳು ಒಂದೊಂದಾಗಿ ಸಾಯುತ್ತಿದ್ದವು. ಡ್ರೈವ್ ನೋಡಿಕೊಳ್ಳುವ ಚಿಪ್ಪಿನ ಒಳಗಿನ ಪ್ರೋಗ್ರಾಮನ್ನು ಎರಡು ದಶಕ ಯಾರೂ ಹೊರಗೆ ತೆಗೆದಿರಲಿಲ್ಲ. ಇವರು ತೆಗೆದರು, ಯಂತ್ರದ ಹಿಂದೆ ವಿಡಿಯೊ ಸೀಡಿಗೆಂದು ಬಿಟ್ಟಿದ್ದ ಕಿಂಡಿಯ ಮೂಲಕವೇ ಆಟವನ್ನು ಮೆಮರಿ ಕಾರ್ಡಿನಿಂದ ಕೊಡುವ ಸಾಧನ ಮಾಡಿದರು. ಡ್ರೈವ್ ಸತ್ತ ಸ್ಯಾಟರ್ನ್ ಈಗ ಬದುಕುತ್ತದೆ.

ಇನ್ನು ಕಳ್ಳತನದ ಮಾತು. ಅದನ್ನು ಬದಿಗಿಟ್ಟು ಈ ಕಥೆ ಹೇಳಿದರೆ ಅನ್ಯಾಯವಾಗುತ್ತದೆ. ಡ್ರೈವಿನ ಕೀಲಿ ಸಿಕ್ಕವರಲ್ಲಿ ಬಹಳ ಜನ ಅದನ್ನು ಬಳಸಿದ್ದು ರಿಪೇರಿಗಲ್ಲ. ಬದಲಿಸಿದ ಫರ್ಮ್‌ವೇರ್ ಹಾಕಿದರೆ ನಕಲು ಡಿಸ್ಕನ್ನೂ ಅಸಲಿಯೆಂದು ಡ್ರೈವ್ ಸಾಕ್ಷಿ ಹೇಳುತ್ತಿತ್ತು. ಪುಣೆ, ಮುಂಬೈ, ಬೆಂಗಳೂರಿನ ಸಂದಿಗೊಂದಿಗಳಲ್ಲಿ ಪ್ಲಾಸ್ಟಿಕ್ ಲಕೋಟೆಯಲ್ಲಿ ಸುತ್ತಿದ ನಕಲು ಡಿಸ್ಕುಗಳು ಕಡಲೆಕಾಯಿ ಬೆಲೆಗೆ ಸಿಗುತ್ತಿದ್ದ ಕಾಲ ಅದು. 2009ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಬದಲಿಸಿದ ಡ್ರೈವುಳ್ಳ ಯಂತ್ರಗಳನ್ನು ತನ್ನ ಆನ್‌ಲೈನ್ ಸೇವೆಯಿಂದ ಸಾಮೂಹಿಕವಾಗಿ ಹೊರಹಾಕಿತು. ಆ ಆಟಗಳನ್ನು ಮಾಡಲು ನೂರಾರು ಜನ ವರ್ಷಗಟ್ಟಲೆ ದುಡಿದಿರುತ್ತಾರೆ. ಅವರ ಬೆವರಿನ ಹಣವನ್ನು ಕದಿಯುವುದು ತಪ್ಪೇ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ತಾನು ದುಡ್ಡು ಕೊಟ್ಟು ತಂದ ಯಂತ್ರಕ್ಕೆ, ತಾನು ದುಡ್ಡು ಕೊಟ್ಟು ತಂದ ಡಿಸ್ಕ್ ಹಾಕಲು ಡ್ರೈವ್ ಬದಲಿಸುವವನು ಕಳ್ಳನಲ್ಲ. ಕಾನೂನೂ ಇದನ್ನು ಮೆಲ್ಲಗೆ ಒಪ್ಪಿಕೊಳ್ಳುತ್ತಿದೆ. ಅಮೆರಿಕದಲ್ಲಿ 1998ರ ಕಾಯ್ದೆಯ ಪ್ರಕಾರ ಡಿಜಿಟಲ್ ಬೀಗ ಮುರಿಯುವುದೇ ಅಪರಾಧ. ಆದರೆ ಮೂರು ವರ್ಷಕ್ಕೊಮ್ಮೆ ಯಾವುದಕ್ಕೆ ವಿನಾಯಿತಿ ಎಂದು ವಿಚಾರಣೆ ನಡೆಯುತ್ತದೆ. 2021ರ ಅಕ್ಟೋಬರಿನಲ್ಲಿ ಆಟದ ಯಂತ್ರಗಳ ರಿಪೇರಿಗೂ ವಿನಾಯಿತಿ ಕೊಟ್ಟರು. ಕೊಟ್ಟದ್ದು ಒಂದೇ ಒಂದು ಭಾಗಕ್ಕೆ: ಡಿಸ್ಕ್ ಡ್ರೈವಿಗೆ. ಅದನ್ನು ರಿಪೇರಿ ಮಾಡಲು ಇಲ್ಲವೇ ಬದಲಿಸಲು ಬೀಗ ತೆಗೆಯಬಹುದು, ಕೆಲಸ ಮುಗಿದ ಮೇಲೆ ಬೀಗ ಮೊದಲಿನಂತೆ ಹಾಕಬೇಕು. ಓದಿ ನನಗೆ ಮಿರಜದ ಆ ಹುಡುಗನ ನೆನಪಾಯಿತು. ಅವನು ಮಾಡಿದ್ದು ಅಕ್ಷರಶಃ ಅದೇ.

ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಕಲಂ ಸೇರಿತು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆ, ದಂಡ. ಆದರೆ ಅದೇ ಕಲಂ, ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ಮಾಡಿದ್ದನ್ನೂ ಕಾನೂನುಬದ್ಧವಾಗಿ ಪಡೆದ ಪ್ರತಿಯ ಮೇಲೆ ಗೂಢಲಿಪಿಯ ಸಂಶೋಧನೆ ಮಾಡುವುದನ್ನೂ ಬಿಟ್ಟುಕೊಡುತ್ತದೆ. ನಮ್ಮ ಕಾನೂನು ಬರೆದವರು ಇಲ್ಲಿ ಉದ್ದೇಶವನ್ನು ನೋಡಿದ್ದಾರೆ. ಅದು ನನಗೆ ಅಮೆರಿಕದ ದಾರಿಗಿಂತ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಉದ್ದೇಶ ಎಂದಾಗ ಇನ್ನೊಂದು ಬೀಗದ ಕಥೆಗೆ ಹೋಗಲೇಬೇಕು. ಅದು ನಮ್ಮ ಸೀಮೆಯ ಮೂರು ಮನುಷ್ಯರ ಕಥೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಕಡೆಯ ಹಳ್ಳಿಗಳಲ್ಲೆಲ್ಲ ಜೈನ ಒಕ್ಕಲು ಮನೆತನಗಳಿವೆ. ಕಬ್ಬು, ತಂಬಾಕು, ಬಸದಿ ಮೂರೂ ಅವರ ಬದುಕು. ಅವರು ತಲೆಬಾಗುವ ಗ್ರಂಥ ಷಟ್‌ಖಂಡಾಗಮ. ಪುಷ್ಪದಂತ, ಭೂತಬಲಿ ಆಚಾರ್ಯರು ರಚಿಸಿದ್ದು. ಅದಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ ಟೀಕೆ ಧವಲಾ. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡ. ಇದರ ತಾಳೆಗರಿಯ ಪ್ರತಿಗಳು ಜಗತ್ತಿನಲ್ಲೆಲ್ಲ ಉಳಿದದ್ದು ಒಂದೇ ಊರಿನಲ್ಲಿ, ಮೂಡುಬಿದಿರೆಯಲ್ಲಿ. ಶತಮಾನಗಳ ಕಾಲ ಅವು ದರ್ಶನಕ್ಕಿದ್ದವು, ಓದುವುದಕ್ಕಲ್ಲ. ಯಾತ್ರಿಕರು ದೂರದಿಂದ ಕೈಮುಗಿದು ಬರುತ್ತಿದ್ದರು. ಗರಿಗಳು ಮಾತ್ರ ಒಳಗೇ ಮುರಿಯುತ್ತಿದ್ದವು.

ಸೊಲ್ಲಾಪುರ, ಮುಂಬೈಯ ಶ್ರಾವಕರು ಬಹಳ ಕೇಳಿಕೊಂಡ ಮೇಲೆ 1896ರಲ್ಲಿ ನಕಲು ಮಾಡಲು ಒಪ್ಪಿಗೆ ಸಿಕ್ಕಿತು. ಬರೆಯಲು ಕೂತವರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ ಮತ್ತು ಮಿರಜದ ಗಜಪತಿ ಉಪಾಧ್ಯಾಯ. ಬರೆದ ಪ್ರತಿಯೂ ಊರು ಬಿಡಬಾರದೆಂಬ ಕಟ್ಟು ಇತ್ತು. ಬ್ರಹ್ಮಸೂರಿಗಳು ನಡುವೆ ತೀರಿಕೊಂಡರು. ಗಜಪತಿ ಉಪಾಧ್ಯಾಯರು ವರ್ಷಾನುಗಟ್ಟಲೆ ಕೂತು ಬರೆದರು. ಹಗಲು ಬಸದಿಯಲ್ಲಿ ಬರೆಯುವುದು ಒಪ್ಪಿಗೆಯ ಪ್ರತಿ. ಅದರ ಜೊತೆಗೇ ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಮನೆಯಲ್ಲಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಬೆಳೆಯುತ್ತಿತ್ತು, ಗುಟ್ಟಾಗಿ, ಯಾರ ಅಪ್ಪಣೆಯೂ ಇಲ್ಲದೆ. ಒಬ್ಬ ಹೆಣ್ಣುಮಗಳು ಕಾಲ ಮೇಲೆ ಕಾಗದ ಇಟ್ಟುಕೊಂಡು, ಒಲೆಯ ಕೆಲಸ ಮುಗಿಸಿ, ಪ್ರಾಕೃತದ ಕರ್ಮಸಿದ್ಧಾಂತವನ್ನು ಸಾಲು ಸಾಲಾಗಿ ಇಳಿಸಿಕೊಂಡಳಲ್ಲ. ಈ ಇತಿಹಾಸದಲ್ಲಿ ನನಗೆ ಅತ್ಯಂತ ದೊಡ್ಡವರಾಗಿ ಕಾಣುವವರು ಆ ಲಕ್ಷ್ಮೀಬಾಯಿ.

ಆ ಪ್ರತಿ ಉತ್ತರದ ಸಹಾರನಪುರಕ್ಕೆ ಹೋಯಿತು. ಅಲ್ಲಿ ಲಾಲಾ ಜಂಬುಪ್ರಸಾದರು ಅದನ್ನು ತಮ್ಮ ಮಂದಿರದಲ್ಲಿಟ್ಟರು. ಅಲ್ಲಿಯೂ ಹೊರಗೆ ಕೊಡುವಂತಿಲ್ಲ ಎಂಬ ಕಟ್ಟೇ. ಅದನ್ನು ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳು ಮತ್ತೊಂದು ಪ್ರತಿ ತಮ್ಮ ಹತ್ತಿರ ಉಳಿಸಿಕೊಂಡರು. ಅದರಿಂದ ಮತ್ತೆ ಪ್ರತಿಗಳು ಹುಟ್ಟಿ ಆರಾ, ಸಾಗರ್, ಕಾರಂಜಾ ಎಂದು ಹಬ್ಬಿದವು. ಮೂಡುಬಿದಿರೆಯ ಒಪ್ಪಿಗೆಯ ನಕಲು ಪೂರ್ತಿಯಾದದ್ದು 1922ರಲ್ಲಿ. ಅಷ್ಟು ಹೊತ್ತಿಗೆ ಗುಟ್ಟಿನ ಪ್ರತಿ ಮರಿ ಹಾಕಿಯಾಗಿತ್ತು. ಆ ಪ್ರತಿಗಳ ಬಲದ ಮೇಲೆ ಹೀರಾಲಾಲ್ ಜೈನ್ 1939ರಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟ ಅಚ್ಚು ಹಾಕಿಸಿದರು. ಇಪ್ಪತ್ತು ವರ್ಷದ ಕೆಲಸ, 16 ಸಂಪುಟ.

ಆ ಸಂಪಾದನೆಯಲ್ಲಿ ಹೀರಾಲಾಲರ ಜೊತೆ ಕೈಜೋಡಿಸಿದವರು ಆದಿನಾಥ ನೇಮಿನಾಥ ಉಪಾಧ್ಯೆ. ಆ.ನೇ. ಉಪಾಧ್ಯೆ ಎಂದರೆ ವಿದ್ವಾಂಸರೆಲ್ಲ ಬಲ್ಲರು: ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಧ್ಯಾಪಕರು, 1967ರ ಶ್ರವಣಬೆಳಗೊಳ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅವರು 1906ರಲ್ಲಿ ಹುಟ್ಟಿದ್ದು ಸದಲಗಾದಲ್ಲಿ. ಅಂಕಲಿಯಿಂದ ಸದಲಗಾ ಎಷ್ಟು ದೂರ? ಕಬ್ಬಿನ ಗಾಡಿಯವರು ದಿನಾ ಓಡಾಡುವ ದಾರಿ. ಆ ಹೆಸರನ್ನು ಇಲ್ಲಿನ ಹುಡುಗರು ಕೇಳಿಲ್ಲವಲ್ಲ ಎಂಬ ಕೊರಗು ನನಗೆ ಯಾವಾಗಲೂ ಇದೆ. ಸಂದರ್ಭ ಸಿಕ್ಕಿತು, ಹೇಳಿದೆ.

ಗಜಪತಿ ಉಪಾಧ್ಯಾಯ, ಉಪಾಧ್ಯೆಯವರ ನಂತರ ನಮ್ಮ ಸೀಮೆಯ ಮೂರನೆಯವರು ದಿಗಂಬರ ಜೈನ ಮುನಿ ಆಚಾರ್ಯ ಶಾಂತಿಸಾಗರರು. ವೇದಗಂಗೆ, ದೂಧಗಂಗೆ ಕೂಡುವ ಭೋಜ ಅವರ ಮನೆತನದ ಊರು. ಕಾಗದವೂ ಗರಿಯೂ ಸಾಯುತ್ತವೆ ಎಂದು ಅವರ ಪ್ರೇರಣೆಯಿಂದ ಇಡೀ ಸಿದ್ಧಾಂತ ಗ್ರಂಥವನ್ನು ತಾಮ್ರದ ತಗಡುಗಳ ಮೇಲೆ ಕೆತ್ತಿಸಿದರು. ಅವು ಫಲಟಣದಲ್ಲಿವೆ.

ಒಂದು ಸಂಗತಿಯನ್ನು ಸೇರಿಸಬೇಕು. ನಕಲಿನ ನಕಲಿನಿಂದ ಅಚ್ಚಾದ ಮೊದಲ ಸಂಪುಟದ 93ನೆಯ ಸೂತ್ರದಲ್ಲಿ ಒಂದು ಪದ ಬಿಟ್ಟುಹೋಗಿತ್ತು. ಅರ್ಥದ ದಾರಿ ಹಿಡಿದು ಸಂಪಾದಕರು ಇಲ್ಲೊಂದು ಪದ ಇರಬೇಕು ಎಂದು ಅಡಿಟಿಪ್ಪಣಿ ಹಾಕಿದರು. ಆ ಒಂದು ಪದದ ಮೇಲೆ ಹೆಂಗಸಿಗೆ ಮೋಕ್ಷ ಉಂಟೋ ಇಲ್ಲವೋ ಎಂಬ ದೊಡ್ಡ ವಾದವೇ ನಿಂತಿತ್ತು, ಹೀಗಾಗಿ ಗಲಾಟೆ ಜೋರಾಯಿತು. ಕೊನೆಗೆ ಮೂಡುಬಿದಿರೆಯ ಗರಿಯನ್ನೇ ತೆಗೆದು ನೋಡಿದಾಗ ಪದ ಅಲ್ಲಿತ್ತು. ಗುಟ್ಟಿನ ಪ್ರತಿ ಗ್ರಂಥವನ್ನು ಜಗತ್ತಿಗೆ ಕೊಟ್ಟಿತು; ಬೀಗದೊಳಗಿನ ಮೂಲ ಅದನ್ನು ತಿದ್ದಿತು. ಎರಡೂ ಬೇಕಾದವು. ಡ್ರೈವಿನ ಕೀಲಿ ತೆಗೆಯುವವರು ಒಂದೇ ಚಿಪ್ಪನ್ನು ಮತ್ತೆ ಮತ್ತೆ ಓದಿ ಪ್ರತಿಗಳನ್ನು ತಾಳೆ ಹಾಕುತ್ತಾರಂತೆ. 16 ಬೈಟಿನಲ್ಲಿ ಒಂದು ಬಿಟ್ ತಪ್ಪಿದರೂ ಕೀಲಿ ಕೀಲಿಯಲ್ಲ, ಆದ್ದರಿಂದ ಅವರಿಗೂ ಆ ಭಯವೇ.

ನಾನು ಆಟದ ಡಿಸ್ಕನ್ನೂ ಧವಲಾವನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಒಂದು ಜನಾಂಗದ ಆತ್ಮವಿದ್ಯೆ, ಇನ್ನೊಂದು ಸಂಜೆಯ ಮೋಜು. ಆದರೆ ಮೋಜು ಅಂತ ಬಿಟ್ಟದ್ದೇ ಮುಂದೆ ಇತಿಹಾಸವಾಗುತ್ತದೆ. ಪಾರಿಜಾತದ ಹಾಡು, ದೊಡ್ಡಾಟದ ಮಾತು ಇವನ್ನೂ ಹಿಂದಿನವರು ಮೋಜು ಎಂದೇ ಬಗೆದು ಬರೆದಿಡದೆ ಬಿಟ್ಟರು. ಎಷ್ಟು ಕಳೆಯಿತೆಂದು ಜಾನಪದದ ಪ್ರಾಧ್ಯಾಪಕರನ್ನು ಕೇಳಿ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಮಾಡಿದ ಅಧ್ಯಯನದ ಪ್ರಕಾರ ಅಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಪೇಟೆಯಲ್ಲಿ ಸಿಗುವುದಿಲ್ಲ. ಎಕ್ಸ್‌ಬಾಕ್ಸ್ 360ರ ತಯಾರಿಕೆ 2016ರಲ್ಲಿ ನಿಂತಿತು. ಅದರ ಆನ್‌ಲೈನ್ ಅಂಗಡಿ 2024ರ ಜುಲೈ 29ರಂದು ಮುಚ್ಚಿತು. ಇನ್ನು ಆ ಯಂತ್ರಕ್ಕೆ ಹೊಸದಾಗಿ ಆಟ ಬರುವ ದೊಡ್ಡ ದಾರಿ ಡಿಸ್ಕು. ಡಿಸ್ಕಿಗೆ ಡ್ರೈವು ಬೇಕು, ಡ್ರೈವಿಗೆ ಕೀಲಿ ಬೇಕು.

ಬೀಗದ ಪದ್ಧತಿ ಬಿಗಿಯಾಗುತ್ತಲೇ ಇದೆ. ಪ್ಲೇಸ್ಟೇಶನ್ 3, ಎಕ್ಸ್‌ಬಾಕ್ಸ್ ಒನ್ ಎರಡರಲ್ಲೂ ಡ್ರೈವ್ ತನ್ನ ಬೋರ್ಡಿಗೆ ಕಟ್ಟಿಬಿದ್ದಿದೆ; ಅದಕ್ಕೇ ರಿಪೇರಿಯವರು ಹಳೆಯ ಡ್ರೈವಿನ ಎಲೆಕ್ಟ್ರಾನಿಕ್ ಬೋರ್ಡನ್ನು ಉಳಿಸಿಕೊಂಡು, ಲೆನ್ಸು, ಮೋಟಾರುಗಳನ್ನಷ್ಟೇ ಬದಲಿಸುತ್ತಾರೆ. 2023ರ ಕೊನೆಗೆ ಬಂದ ಪ್ಲೇಸ್ಟೇಶನ್ 5ರ ಹೊಸ ಮಾದರಿಯಲ್ಲಿ ಡ್ರೈವನ್ನು ಮನೆಯಲ್ಲೇ ಕಳಚಿ ಹಾಕಬಹುದು. ಒಳ್ಳೆಯ ಹೆಜ್ಜೆ. ಆದರೆ ಹೊಸ ಡ್ರೈವ್ ಹಾಕಿದಾಗ ಒಮ್ಮೆ ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರಿನಲ್ಲಿ ಅದನ್ನು ನೋಂದಾಯಿಸಬೇಕು. ಸರ್ವರುಗಳಿಗೂ ಆಯಸ್ಸಿದೆ. ಇಂದಿನ ಹುಡುಗ ತನ್ನ ಮಗನಿಗೆ ಆ ಯಂತ್ರ ಕೊಡುವ ಹೊತ್ತಿಗೆ ಆ ಸರ್ವರು ಇರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ.

ಇದು ಆಟದ ಯಂತ್ರಕ್ಕೆ ನಿಲ್ಲುವ ಮಾತಲ್ಲ ಎಂದೇ ಇಷ್ಟು ಹೇಳುತ್ತಿದ್ದೇನೆ. ನಮ್ಮ ಹೊಲಗಳಲ್ಲಿ ಈಗ ಕಬ್ಬು ಕಡಿಯುವ ದೊಡ್ಡ ಯಂತ್ರಗಳು ಬರುತ್ತಿವೆ, ಟ್ರ್ಯಾಕ್ಟರಿನೊಳಗೂ ಕಂಪ್ಯೂಟರ್ ಕೂತಿದೆ. ಹಂಗಾಮಿನಲ್ಲಿ ಯಂತ್ರ ನಿಂತು, ಬಿಡಿಭಾಗ ಕೈಯಲ್ಲಿದ್ದೂ ಅದನ್ನು ಯಂತ್ರ ಒಪ್ಪದೆ ಹೋದರೆ ಗಾಡಿಗೆ ಗಾಡಿ ಕಬ್ಬು ಒಣಗುತ್ತದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ ಎಂದು ನಾಲ್ಕು ವರ್ಗ ಆರಿಸಿಕೊಂಡಿದ್ದಾರೆ. ಬಿಡಿಭಾಗ, ಕೈಪಿಡಿ, ಸೇವಾಕೇಂದ್ರಗಳ ಮಾಹಿತಿ ಅಲ್ಲಿದೆ. ಭಾಗವನ್ನು ಯಂತ್ರಕ್ಕೆ ಜೋಡಿಸುವ ಕೀಲಿಯ ಮಾತೂ ಅಲ್ಲಿ ಬರಬೇಕು. ಮಾರುವವನು ಆ ಕೀಲಿಯನ್ನು ಕೊಂಡವನಿಗೆ ಮೊದಲೇ ಬರೆದು ಕೊಡಲಿ. ಕೊಡಲಾಗದಿದ್ದರೆ, ಮಾರಾಟ ನಿಲ್ಲಿಸುವ ದಿನ ಬಿಟ್ಟುಕೊಡಲಿ. ಮನೆಯಲ್ಲಿ ಹಳೆಯ ಎಕ್ಸ್‌ಬಾಕ್ಸ್ ಇದ್ದು, ಅದರ ಡ್ರೈವಿಗೆ ಇನ್ನೂ ಜೀವ ಇದ್ದವರಿಗೆ ಮಾತ್ರ ನನ್ನದೊಂದು ಕೋರಿಕೆ: ಗೊತ್ತಿದ್ದವರಿಂದ ಆ ಕೀಲಿಯನ್ನು ಈಗಲೇ ಓದಿಸಿ, ಎರಡು ಕಡೆ ಬರೆದಿಡಿ. ಮಿರಜದ ಆ ಅಂಗಡಿಯ ಹುಡುಗ ಈಗ ತನ್ನ ಹತ್ತಿರ ಬರುವ ಪ್ರತಿ ಯಂತ್ರಕ್ಕೂ, ಏನೇ ರಿಪೇರಿ ಇರಲಿ, ಮೊದಲು ಆ ಕೆಲಸವನ್ನೇ ಮಾಡುತ್ತಾನೆ. ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ.